ಹುಣ್ಣಿಮೆಯ ರಾತ್ರಿ ಕಡಲ ದಂಡೆಯಲ್ಲಿ ಡೇರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾವು ನಾಲ್ವರು ಗೆಳೆಯರು ಆನೆಗೊಂದಿ, ಸಾಣಾಪುರದ ಬಂಡೆಗಳ ನಡುವೆ ಎರಡು ಮೂರು ಬಾರಿ ಡೇರೆ ಹಾಕಿ ರಾತ್ರಿ ಕಳೆದಿದ್ದೇವೆ. ಈ ಡಿಸೆಂಬರಿನಲ್ಲಿ ಹುಣ್ಣಿಮೆಗೆ ಹೊಂದಿಸಿಕೊಂಡು ಅಂಕೋಲಾ, ಕುಮಟಾ ಕಡೆಯ ಹಳ್ಳಿಯೊಂದರ ಕಡಲ ತೀರದಲ್ಲಿ ಎರಡು ರಾತ್ರಿ ತಂಗಬೇಕೆಂದಿದ್ದೇವೆ. ಅದೇ ಡೇರೆ ಸಾಕೇ? ಜಾಗವನ್ನು ಹೇಗೆ ಆರಿಸಬೇಕು?
(ಗಂಗಾವತಿಯ ಓದುಗರು)

ಉತ್ತರ: ಡೇರೆಯ ಚಿಂತೆ ಬೇಡ, ಅದೇ ಸಾಕು. ತಿಂಗಳನ್ನೂ ಸರಿಯಾಗಿಯೇ ಆರಿಸಿದ್ದೀರಿ. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಹುಣ್ಣಿಮೆ ಎಂಬ ಮಾತು.

ಕಡಲು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಭರತದಿಂದ ಇಳಿತಕ್ಕೆ ಆರು ಗಂಟೆಗಿಂತ ತುಸು ಹೆಚ್ಚು ಹೊತ್ತು ಹಿಡಿಯುತ್ತದೆ. ಇಂದಿನ ಭರತ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರುವ ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಉಳಿದ ದಿನಗಳಿಗಿಂತ ಮೇಲಕ್ಕೇರುತ್ತದೆ, ಹಾಗೆಯೇ ಇನ್ನಷ್ಟು ಹಿಂದಕ್ಕೂ ಸರಿಯುತ್ತದೆ. ಉತ್ತರ ಕನ್ನಡದ ತೀರದಲ್ಲಿ ಆ ದಿನಗಳ ದೊಡ್ಡ ಭರತ ಸಾಮಾನ್ಯವಾಗಿ ನಡುರಾತ್ರಿಯ ಆಸುಪಾಸಿಗೆ ಬರುವುದರಿಂದ, ಸಂಜೆ ಐದಾರು ಗಂಟೆಗೆ ನೀರು ತೀರ ಕೆಳಗಿರುತ್ತದೆ. ಮೋಸ ಹೋಗುವುದು ಇಲ್ಲಿಯೇ. ಕೊಪ್ಪಳದಿಂದ ಬೆಳಿಗ್ಗೆ ಹೊರಟು, ಗದಗ, ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು, ಸುಮಾರು 250 ಕಿ.ಮೀ. ಕ್ರಮಿಸಿ ಸಂಜೆಗೆ ತೀರ ಮುಟ್ಟಿದವರಿಗೆ ಕಾಣುವುದು ಕಣ ಮಾಡಿಟ್ಟಂತೆ ಸಪಾಟಾದ, ಕಾಲಿಟ್ಟರೆ ಹೂತುಕೊಳ್ಳದ ವಿಶಾಲವಾದ ಮರಳು. ಬಂಡೆಗಳ ನಡುವೆ ಸಮತಟ್ಟಾದ ನಾಲ್ಕು ಮೊಳ ಜಾಗಕ್ಕೆ ಪರದಾಡಿದ ನಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇರೊಂದಿಲ್ಲ ಎನಿಸುತ್ತದೆ. ಹಲವು ವರ್ಷಗಳ ಹಿಂದೆ ನಾನೂ ಹಾಗೆಂದುಕೊಂಡೇ ಡೇರೆ ಬಿಚ್ಚಿದ್ದೆ. ರಾತ್ರಿ ಹನ್ನೊಂದೂವರೆಗೆ ಕಾಲ ಬುಡದಲ್ಲಿ ತಣ್ಣಗಾಗಿ ಎಚ್ಚರವಾದಾಗ, ಬಾಗಿಲ ಬಳಿ ಬಿಟ್ಟಿದ್ದ ಚಪ್ಪಲಿಗಳು ತೇಲುತ್ತಿದ್ದವು. ಒಂದು ಸಿಕ್ಕಿತು, ಇನ್ನೊಂದು ಇಂದಿಗೂ ಸಿಕ್ಕಿಲ್ಲ.

ಆದ್ದರಿಂದ ಹಸಿ ಮರಳಿನಿಂದ ಮೇಲಕ್ಕೆ ನಡೆಯಿರಿ. ಒಣಗಿದ ಕಡಲ ಕಳೆ, ಕಡ್ಡಿ, ಚಿಪ್ಪು, ಬಾಟಲಿಯ ಮುಚ್ಚಳಗಳು ಒಂದು ಗೆರೆಯಾಗಿ ಬಿದ್ದಿರುತ್ತವೆ. ಇಂಥ ಗೆರೆಗಳು ಎರಡು ಮೂರಿದ್ದರೆ ಎಲ್ಲಕ್ಕಿಂತ ಮೇಲಿನದನ್ನು ಲೆಕ್ಕಕ್ಕೆ ತೆಗೆದುಕೊಂಡು, ಅದನ್ನು ದಾಟಿ ಹದಿನೈದು ಇಪ್ಪತ್ತು ಹೆಜ್ಜೆ ಮುಂದೆ ಹೋಗಿರಿ. ಅಲ್ಲಿ ಮೇಕೆಯ ಗೊರಸಿನಂಥ ಎಲೆ, ನೇರಳೆ ಹೂವಿನ ಬಳ್ಳಿ ಮರಳ ದಿಬ್ಬದ ಮೇಲೆ ಹಬ್ಬಿರುತ್ತದೆ. ದಿಬ್ಬವನ್ನು ಹಿಡಿದು ನಿಲ್ಲಿಸಿರುವುದೇ ಆ ಬಳ್ಳಿಯಾದ್ದರಿಂದ ಅದನ್ನು ತುಳಿದು, ಕಿತ್ತು ಜಾಗ ಮಾಡಿಕೊಳ್ಳಬಾರದು. ನಾವು ಸರ್ವೆ ಎನ್ನುವ ಗಾಳಿಮರದ ನೆರಳು ಆಗಬಹುದು. ತೆಂಗಿನ ಮರದ ಕೆಳಗೆ ಮಾತ್ರ ಎಂದಿಗೂ ಬೇಡ. ದೋಣಿ ಎಳೆದಿಟ್ಟಿರುವ, ಬಲೆ ಒಣಗಿಸುವ ಜಾಗ ಮೀನುಗಾರರ ಕೆಲಸದ ಅಂಗಳವಾದ್ದರಿಂದ ಅದನ್ನೂ ಬಿಡಿ. ಸಾರ್ವಜನಿಕ ತೀರದಲ್ಲಿ ರಾತ್ರಿ ತಂಗುವುದಕ್ಕೆ ಎಲ್ಲೆಡೆಯೂ ಒಪ್ಪಿಗೆಯಿರುವುದಿಲ್ಲ. ಗ್ರಾಮ ಪಂಚಾಯಿತಿಯಲ್ಲಿ, ಪೊಲೀಸ್ ಠಾಣೆಯಲ್ಲಿ ಮೊದಲೇ ಕೇಳಿಕೊಳ್ಳಬೇಕು. ನನ್ನನ್ನು ಕೇಳಿದರೆ, ತೀರಕ್ಕೆ ಹೊಂದಿಕೊಂಡ ಹೋಂಸ್ಟೇ ಒಂದರ ಅಂಗಳದಲ್ಲಿ ಬಾಡಿಗೆ ಕೊಟ್ಟು ಡೇರೆ ಹಾಕುವುದೇ ಮೇಲು. ಸಿಹಿನೀರು, ಶೌಚಾಲಯ ಎರಡೂ ಸಿಗುತ್ತವೆ.

ಇನ್ನು ಗೂಟದ ವಿಷಯ. ನಮ್ಮ ನೆಲದಲ್ಲಿ ಬಡಿದರೆ ಬಾಗುವ ಗೂಟ ಅಲ್ಲಿ ಬೆರಳಲ್ಲಿ ಒತ್ತಿದರೂ ಇಳಿಯುತ್ತದೆ, ಮೊದಲ ಗಾಳಿಗೇ ಕಿತ್ತು ಬರುತ್ತದೆ. ನಿಮ್ಮೂರಲ್ಲಿ ಸೋನಾ ಮಸೂರಿಯ ಖಾಲಿ ಚೀಲಗಳಿಗೆ ಬರವಿಲ್ಲ. ಸಣ್ಣವು ಆರೇಳು ಒಯ್ಯಿರಿ. ಅರ್ಧದಷ್ಟು ಮರಳು ತುಂಬಿ, ನಡುವಿಗೆ ಡೇರೆಯ ಹಗ್ಗ ಕಟ್ಟಿ, ಮೊಳಕಾಲುದ್ದದ ಗುಂಡಿಯಲ್ಲಿ ಹಗ್ಗಕ್ಕೆ ಅಡ್ಡಲಾಗಿ ಮಲಗಿಸಿ ಮುಚ್ಚಿ ತುಳಿದರೆ, ಮಾರುಕಟ್ಟೆಯ ದುಬಾರಿ ಗೂಟಗಳಿಗಿಂತ ಗಟ್ಟಿಯಾಗಿ ನಿಲ್ಲುತ್ತದೆ. ಹಗಲಿಡೀ ಕಡಲಿನಿಂದ ಬೀಸುವ ಗಾಳಿ ರಾತ್ರಿ ತಿರುಗಿ ನೆಲದಿಂದ ಕಡಲಿಗೆ ಬೀಸುವುದರಿಂದ ಎರಡೂ ಬದಿಯ ಹಗ್ಗಗಳನ್ನು ಬಿಗಿದಿರಬೇಕು. ಬೆಳಿಗ್ಗೆ ಡೇರೆಯ ಒಳಮೈ ತೊಟ್ಟಿಕ್ಕುತ್ತಿದ್ದರೆ ಸೋರಿತೆಂದು ಗಾಬರಿಯಾಗಬೇಡಿ. ನಿಮ್ಮ ಉಸಿರಿನ ತೇವ ಆ ಹಸಿ ಹವೆಯಲ್ಲಿ ಆರದೆ ಬಟ್ಟೆಗಂಟಿ ನೀರಾಗಿರುತ್ತದೆ. ಮೇಲಿನ ಗಾಳಿಕಿಂಡಿಗಳನ್ನು ತೆರೆದಿಟ್ಟು ಮಲಗಿದರೆ ಬಹಳ ಮಟ್ಟಿಗೆ ತಪ್ಪುತ್ತದೆ. ಬುತ್ತಿಗೆ ಕಟ್ಟಿಕೊಂಡ ಖಡಕ್ ರೊಟ್ಟಿಯೂ ಅಲ್ಲಿ ಒಂದೇ ರಾತ್ರಿಯಲ್ಲಿ ಮೆತ್ತಗಾಗುತ್ತದೆ. ಅದನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಯ್ಯುವುದು ವಾಸಿ.

ಪ್ರಶ್ನೆ: ನಮ್ಮ ಮಕ್ಕಳು ಕಾಲುವೆಯಲ್ಲಿ, ಹೊಳೆಯಲ್ಲಿ ಚೆನ್ನಾಗಿ ಈಜುತ್ತಾರೆ. ಕ್ಯಾಂಪಿಂಗಿಗೆ ಹೋದಾಗ ಅವರನ್ನು ಕಡಲಿಗೆ ಇಳಿಸಬಹುದೇ?
(ಸಿಂಧನೂರು ತಾಲ್ಲೂಕಿನ ಕ್ಯಾಂಪೊಂದರಿಂದ ಓದುಗರೊಬ್ಬರು)

ಉತ್ತರ: ತುಂಗಭದ್ರೆಯ ಕಾಲುವೆ ಬಂದ ಮೇಲೆ ಆಂಧ್ರದ ರೈತರು ನೆಲೆನಿಂತ ಊರುಗಳಿಗೆಲ್ಲ ಕ್ಯಾಂಪ್ ಎಂಬ ಹೆಸರೇ ಉಳಿದಿರುವ ಸೀಮೆಯಿಂದ ಕ್ಯಾಂಪಿಂಗ್ ಕುರಿತು ಪ್ರಶ್ನೆ ಬಂದಿರುವುದು ಸೊಗಸಾಗಿದೆ. ಉತ್ತರವನ್ನು ಮಾತ್ರ ಬಿಗಿಯಾಗಿಯೇ ಹೇಳಬೇಕಾಗಿದೆ: ಜೀವರಕ್ಷಕರು ಇರುವ ತೀರದಲ್ಲಿ, ಹಗಲಿನಲ್ಲಿ, ಮೊಳಕಾಲು ಮಟ್ಟದ ನೀರಿಗಷ್ಟೇ.

ಕಾಲುವೆಯ ನೀರು ಒಂದೇ ದಿಕ್ಕಿಗೆ ಹರಿಯುತ್ತದೆ. ಕಡಲಿನಲ್ಲಿ ದಂಡೆಗೆ ಬಡಿದ ಅಲೆಗಳ ನೀರು ಎಲ್ಲೋ ಒಂದು ಕಿರಿದಾದ ದಾರಿ ಹಿಡಿದು ರಭಸದಿಂದ ಹಿಂದಕ್ಕೆ ಹೋಗುತ್ತದೆ. ಅಕ್ಕಪಕ್ಕದಲ್ಲಿ ನೊರೆಯಲೆ ಒಡೆಯುತ್ತಿರುವಾಗ ನಡುವಿನ ಈ ಜಾಗವೊಂದು ಶಾಂತವಾಗಿ ಕಾಣುವುದರಿಂದ, ತಿಳಿಯದವರು ಅಲ್ಲಿಯೇ ಇಳಿಯುತ್ತಾರೆ. ಸೆಳೆತಕ್ಕೆ ಸಿಕ್ಕವರು ನೇರ ದಂಡೆಯತ್ತ ಈಜಲು ಹೋಗಿ ಸುಸ್ತಾಗಿ ಮುಳುಗುತ್ತಾರೆ. ದಂಡೆಗೆ ಸಮಾನಾಂತರವಾಗಿ ಅಡ್ಡ ಈಜಿ, ಸೆಳೆತದ ಪಟ್ಟಿಯಿಂದ ಹೊರಬಂದ ಮೇಲೆ ದಂಡೆಯತ್ತ ತಿರುಗಬೇಕು. ಶರಾವತಿ, ಅಘನಾಶಿನಿ, ಗಂಗಾವಳಿಗಳು ಕಡಲು ಸೇರುವ ಅಳಿವೆಗಳಲ್ಲಂತೂ ಇಳಿತದ ಹೊತ್ತಿಗೆ ಹೊಳೆಯ ನೀರೂ ಕಡಲ ನೀರೂ ಒಟ್ಟಾಗಿ ಹೊರಗೆಳೆಯುವುದರಿಂದ ಮಕ್ಕಳನ್ನು ಅತ್ತ ಬಿಡಲೇಬಾರದು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದದ್ದು ಮಳೆಗಾಲದಲ್ಲಲ್ಲ, ಎಲ್ಲರೂ ಪ್ರವಾಸ ಹೊರಡುವ ಒಳ್ಳೆಯ ಹವೆಯಲ್ಲಿಯೇ.

ಪ್ರಶ್ನೆ: ತೀರದಲ್ಲಿ ರಾತ್ರಿ ಬೆಂಕಿ ಹಾಕಬಹುದೇ? ದೊಡ್ಡ ಎಲ್‌ಇಡಿ ದೀಪ ಒಯ್ಯಬೇಕೆಂದಿದ್ದೇವೆ.
(ಬಳ್ಳಾರಿಯ ಓದುಗರು)

ಉತ್ತರ: ದೊಡ್ಡ ದೀಪವನ್ನು ಮನೆಯಲ್ಲಿಯೇ ಬಿಟ್ಟುಬನ್ನಿ. ಚಳಿಗಾಲದ ತಿಂಗಳುಗಳಲ್ಲಿ ಹೊನ್ನಾವರ, ಕಾರವಾರದ ತೀರಗಳಿಗೆ ಆಲಿವ್ ರಿಡ್ಲೆ ಕಡಲಾಮೆಗಳು ರಾತ್ರಿ ಹೊತ್ತು ಮೇಲೆ ಬಂದು ಮರಳಿನಲ್ಲಿ ಮೊಟ್ಟೆಯಿಡುತ್ತವೆ. ಬೆಳಕು ಕಂಡರೆ ತಾಯಾಮೆ ಹಿಂದಿರುಗುತ್ತದೆ. ಒಂದೂವರೆ ಎರಡು ತಿಂಗಳಿಗೆ ಮರಳಿನಿಂದೇಳುವ ಮರಿಗಳು ಕಡಲ ಮೇಲಿನ ಬೆಳಕನ್ನು ನಂಬಿ ನಡೆಯುವಂಥವಾದ್ದರಿಂದ ನಿಮ್ಮ ದೀಪದತ್ತಲೇ ತೆವಳುತ್ತವೆ. ಕೆಂಪು ಬಣ್ಣದ ಸಣ್ಣ ಟಾರ್ಚು ಸಾಕು. ಅರಣ್ಯ ಇಲಾಖೆಯವರು ಬಲೆ ಕಟ್ಟಿ ಕಾಯುವ ಗೂಡು ಕಂಡರೆ ಡೇರೆಯನ್ನು ಬೇರೆಡೆಗೆ ಒಯ್ಯಿರಿ. ಈ ಆಮೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆಯಿದೆ.

ಬೆಂಕಿಯನ್ನು ಜಾಗದ ಮಾಲೀಕರು ಒಪ್ಪಿದಲ್ಲಿ ಮಾತ್ರ, ಚಿಕ್ಕದಾಗಿ ಹಾಕಬಹುದು. ಆರಿಸುವಾಗ ಮರಳು ಮುಚ್ಚಬೇಡಿ. ಮರಳಿನಡಿಯ ಕೆಂಡ ಬೆಳಗಿನವರೆಗೂ ಸುಡುತ್ತಿರುತ್ತದೆ, ಮೇಲೆ ಏನೂ ಕಾಣುವುದಿಲ್ಲ, ನಸುಕಿನಲ್ಲಿ ರಂಪಣಿ ಬಲೆ ಎಳೆಯಲು ಬರುವವರ ಬರಿಗಾಲು ಅದರ ಮೇಲೆಯೇ ಬೀಳುತ್ತದೆ. ಎರಡು ಬಕೆಟ್ ಕಡಲ ನೀರು ಸುರಿದು, ಕೆದಕಿ, ಮತ್ತೆ ಸುರಿಯಿರಿ.