ದೂರದ ಊರಲ್ಲಿ ಒಬ್ಬಂಟಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ‘ಆಡುಜೀವಿತಂ’ ಸಿನಿಮಾ ನೋಡಿದ ಮೇಲೆ ಅಮ್ಮನಿಗೆ ಸರಿಯಾಗಿ ನಿದ್ದೆಯಿಲ್ಲ. ಅಣ್ಣ ಆರು ವರ್ಷದಿಂದ ಸೌದಿಯ ದಮಾಮ್‌ನಲ್ಲಿ ಡ್ರೈವರ್. ಅವನನ್ನು ವಾಪಸ್ ಕರೆಸು ಅಂತ ಒಂದೇ ಹಟ. ನಿಜವಾಗಿಯೂ ಹಾಗೆಲ್ಲ ನಡೆಯುತ್ತದಾ? ಅಮ್ಮನಿಗೆ ತೋರಿಸಿದ್ದೇ ತಪ್ಪಾಯಿತಾ?
(ಕುಂದಾಪುರದ ಓದುಗರು)

ಉತ್ತರ: ತೋರಿಸಿದ್ದು ತಪ್ಪಲ್ಲ. ಅಮ್ಮನ ಹೆದರಿಕೆಯೂ ಸುಮ್ನೆ ಬಂದದ್ದಲ್ಲ. ಬೆನ್ಯಾಮಿನ್ 2008ರಲ್ಲಿ ಬರೆದ ಕಾದಂಬರಿಯನ್ನು ಬ್ಲೆಸ್ಸಿ 2024ರಲ್ಲಿ ತೆರೆಗೆ ತಂದರು. ಕಥೆಗೆ ಮೂಲ, ಕೆಲಸಕ್ಕೆಂದು ಸೌದಿಗೆ ಹೋಗಿ ಮರುಭೂಮಿಯಲ್ಲಿ ಆಡು ಮೇಯಿಸುತ್ತಾ ಸಿಕ್ಕಿಬಿದ್ದ ಒಬ್ಬ ಮಲಯಾಳಿಯ ಅನುಭವ. ಊರಲ್ಲಿ ಹೊಳೆಗೆ ಮುಳುಗಿ ಮರಳು ತೆಗೆಯುತ್ತಿದ್ದವನಿಗೆ ಅಲ್ಲಿ ಮೈ ತೊಳೆಯಲು ಒಂದು ಚೊಂಬು ನೀರಿಲ್ಲ. ಒಣಗಿದ ಖುಬೂಸ್ ರೊಟ್ಟಿಯನ್ನು ನೀರಲ್ಲಿ ಅದ್ದಿ ತಿನ್ನುತ್ತಾನೆ. ನನ್ನನ್ನು ಹೆಚ್ಚು ಕಾಡಿದ್ದು ಹಸಿವಲ್ಲ, ಅವನ ಮಾತು. ಅರಬ್ಬಿ ಬಾರದು, ಮಲಯಾಳಂ ಆಡಲು ಜನ ಇಲ್ಲ, ಆಡುಗಳ ಜೊತೆ ಇದ್ದೂ ಇದ್ದೂ ಕೊನೆಗೆ ದನಿಯೇ ಬೇರೆಯಾಗಿಬಿಡುತ್ತದೆ.

ಇಂಥದ್ದಕ್ಕೆ ದಾರಿ ಮಾಡಿಕೊಟ್ಟದ್ದು ಕಫಾಲಾ ಪದ್ಧತಿ, ಅಂದರೆ ಕೆಲಸಗಾರನ ವೀಸಾ, ಇಕಾಮಾ (ಅಲ್ಲಿ ವಾಸಿಸಲು ಬೇಕಾದ ಪರವಾನಗಿ) ಎಲ್ಲವೂ ಮಾಲೀಕನ ಕೈಯಲ್ಲಿರುವುದು. 2021ರಲ್ಲಿ ಸೌದಿ ನಿಯಮ ಸಡಿಲಿಸಿ, ಮಾಲೀಕನ ಒಪ್ಪಿಗೆ ಇಲ್ಲದೆಯೂ ಕೆಲಸ ಬದಲಾಯಿಸಬಹುದು ಎಂದಿತು. ಆದರೆ ಮನೆಗೆಲಸದವರು, ಮನೆ ಡ್ರೈವರ್‌ಗಳು, ತೋಟದವರು, ಕುರಿ ಕಾಯುವವರು ಇವರನ್ನೆಲ್ಲ ಹೊರಗಿಟ್ಟಿತು. ಯಾರಿಗೆ ಜಾಸ್ತಿ ಬೇಕಿತ್ತೋ ಅವರಿಗೇ ಸಿಗಲಿಲ್ಲ ಅಲ್ವಾ?

ಅಣ್ಣ ಕಂಪನಿ ಡ್ರೈವರಾ, ಮನೆ ಡ್ರೈವರಾ ಅಂತ ನೀವು ಬರೆದಿಲ್ಲ. ಮೊದಲು ಅದನ್ನು ಕೇಳಿ. ಪಾಸ್‌ಪೋರ್ಟ್ ಯಾರ ಹತ್ತಿರ ಇದೆ, ಇಕಾಮಾ ಯಾವಾಗ ಮುಗಿಯುತ್ತದೆ, ಸಂಬಳ ಬ್ಯಾಂಕಿಗೆ ಬರುತ್ತದಾ ಅಂತಲೂ ಕೇಳಿ. ಇದಕ್ಕೆಲ್ಲ ಅವನು ತಡವರಿಸದೆ ಉತ್ತರ ಕೊಟ್ಟರೆ ಅಮ್ಮನಿಗೆ ಧೈರ್ಯ ಹೇಳಬಹುದು. ತೊಂದರೆ ಇದೆ ಅನಿಸಿದರೆ ರಿಯಾದ್‌ನ ಭಾರತೀಯ ರಾಯಭಾರ ಕಚೇರಿ ಇದೆ, ವಿದೇಶಾಂಗ ಇಲಾಖೆಯ ‘ಮದದ್’ ಪೋರ್ಟಲ್‌ನಲ್ಲಿ ನೀವು ಊರಿನಿಂದಲೇ ದೂರು ಹಾಕಬಹುದು. ಅಮ್ಮನಿಗೆ ವಾರಕ್ಕೊಮ್ಮೆ ವೀಡಿಯೊ ಕಾಲ್ ಮಾಡಿಸಿ, ಅವನು ಇರುವ ರೂಮು, ಅಡುಗೆ ಒಲೆ, ಮಲಗುವ ಮಂಚ ತೋರಿಸಲು ಹೇಳಿ. ನಮ್ಮ ಚಿಕ್ಕಪ್ಪ ಬಹ್ರೇನ್‌ನಲ್ಲಿದ್ದಾಗ ಕ್ಯಾಸೆಟ್‌ನಲ್ಲಿ ಮಾತು ತುಂಬಿಸಿ ಊರಿಗೆ ಹೋಗುವವರ ಕೈಲಿ ಕಳಿಸುತ್ತಿದ್ದರು, ಅಜ್ಜಿ ಅದನ್ನು ಟೇಪು ಸವೆಯುವವರೆಗೆ ಕೇಳುತ್ತಿದ್ದರು.

ಪ್ರಶ್ನೆ: ‘ಕಾಸ್ಟ್ ಅವೇ’ ಸಿನಿಮಾದಲ್ಲಿ ಚೆಂಡಿನ ಜೊತೆ ಮಾತಾಡುವುದು ಸ್ವಲ್ಪ ಅತಿಯಾಯಿತು ಅನಿಸಲಿಲ್ವಾ?
(ಹಾಸನದ ಓದುಗರು)

ಉತ್ತರ: ನನಗಂತೂ ಇಲ್ಲ. ವಿಮಾನ ಬಿದ್ದು ನಿರ್ಜನ ದ್ವೀಪದಲ್ಲಿ ಒಬ್ಬನೇ ಉಳಿದ ನಾಯಕನಿಗೆ ಬೇರೆ ಯಾರಿದ್ದಾರೆ? ಇನ್ನೊಮ್ಮೆ ನೋಡುವಾಗ ಕಿವಿಗೊಡಿ: ಅವನು ದ್ವೀಪದಲ್ಲಿರುವಷ್ಟು ಹೊತ್ತೂ ಹಿನ್ನೆಲೆ ಸಂಗೀತವೇ ಇಲ್ಲ. ಬರೀ ಗಾಳಿ, ಅಲೆ, ಅವನ ದನಿ.

ಪ್ರಶ್ನೆ: ‘ಸೊಸೈಟಿ ಆಫ್ ದಿ ಸ್ನೋ’ ನೋಡಬೇಕು ಅಂತ ಮಕ್ಕಳ ಗಲಾಟೆ. ಒಬ್ಬನಿಗೆ 16, ಇನ್ನೊಬ್ಬಳಿಗೆ 11. ಸತ್ತವರ ಮಾಂಸ ತಿನ್ನುವ ಕಥೆಯಂತೆ. ತೋರಿಸಬಹುದಾ?
(ದಾವಣಗೆರೆಯ ಓದುಗರು)

ಉತ್ತರ: ದೊಡ್ಡವನಿಗೆ ತೋರಿಸಿ, ಚಿಕ್ಕವಳಿಗೆ ಇನ್ನೂ ನಾಲ್ಕೈದು ವರ್ಷ ಬೇಡ. 1972ರ ಅಕ್ಟೋಬರ್ 13ರಂದು ಉರುಗ್ವೆಯ ರಗ್ಬಿ ಹುಡುಗರಿದ್ದ ವಿಮಾನ ಆಂಡಿಸ್ ಪರ್ವತಕ್ಕೆ ಬಡಿದು ಬಿತ್ತು. ಇದ್ದವರು 45 ಜನ. 72 ದಿನದ ನಂತರ ಉಳಿದವರು 16. ಅವರು ಏನು ತಿಂದರು ಎಂಬುದನ್ನು ನಿರ್ದೇಶಕ ಬಯೋನಾ ಮರೆಮಾಚಿಲ್ಲ, ಚಪಲಕ್ಕೆ ತೋರಿಸಿಯೂ ಇಲ್ಲ. ಸತ್ತ ಒಬ್ಬೊಬ್ಬರ ಹೆಸರು, ವಯಸ್ಸು ಪರದೆ ಮೇಲೆ ಬರುತ್ತದೆ. ಹಲವರು ನಿಮ್ಮ ಮಗನಿಗಿಂತ ಕೆಲವೇ ವರ್ಷ ದೊಡ್ಡವರು, ಅಷ್ಟೇ.

ನೋಡುವ ಮುಂಚೆ ಅವನಿಗೆ ಈ ನಿಜ ಘಟನೆ ಹೇಳಿ. ಇಬ್ಬರು ಹುಡುಗರು ಹತ್ತು ದಿನ ಹಿಮದಲ್ಲಿ ನಡೆದು ಚಿಲಿ ದೇಶದ ಒಂದು ಹೊಳೆಯ ದಡಕ್ಕೆ ಬಂದರು. ಆಚೆ ದಡದಲ್ಲಿ ಒಬ್ಬ ದನಗಾಹಿ. ನೀರಿನ ಸದ್ದಿಗೆ ಕೂಗಿದ್ದು ಕೇಳುತ್ತಿಲ್ಲ. ಆಗ ಅವನು ಕಾಗದವನ್ನೂ ಪೆನ್ಸಿಲನ್ನೂ ಕಲ್ಲಿಗೆ ಕಟ್ಟಿ ಈಚೆ ಎಸೆದ. ಹುಡುಗರು ಬರೆದು ವಾಪಸ್ ಎಸೆದರು. ಓದಿದವನು ಮೊದಲು ರೊಟ್ಟಿ ಎಸೆದ, ಆಮೇಲೆ ಸುದ್ದಿ ಮುಟ್ಟಿಸಲು ಹೊರಟ.