ಕಲಾಕ್ಷೇತ್ರದಲ್ಲಿ ಆಡಿದ ನಾಟಕವನ್ನು ರಂಗಶಂಕರದಲ್ಲಿ ಆಡುವಾಗ ಏನೇನು ಬದಲಾಯಿಸಬೇಕು?

ನಿಮ್ಮ ಪ್ರಶ್ನೆ ಹೀಗಿದೆ: ಹಾಸನದ ಹವ್ಯಾಸಿ ತಂಡ, 90 ನಿಮಿಷದ ಸಾಮಾಜಿಕ ನಾಟಕ. ಊರಿನ ಕಲಾಭವನದಲ್ಲೂ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲೂ ಆಡಿದ್ದೀರಿ. ಹಿಂದೆ ಬರೆದ ಪರದೆ, ಮುಂದೆ ಮೇಜು, ಎರಡು ಕುರ್ಚಿ, ಬಲಗಡೆ ಎತ್ತರದ ಬೀರು. ಈಗ ಬೆಂಗಳೂರಿನ ಇನ್ನೊಂದು ರಂಗಮಂದಿರ ರಂಗಶಂಕರದಲ್ಲಿ ದಿನಾಂಕ ಸಿಕ್ಕಿದೆ. ಅಲ್ಲಿ ಏನು ಬದಲಾಗಬೇಕು, ಆ ಜಾಗ ಹಾಗೇಕಿದೆ ಅಂತ ಕೇಳಿದ್ದೀರಿ. ಎರಡನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಅದು ತಿಳಿದರೆ ಮೊದಲನೆಯದು ಅರ್ಧ ಬಗೆಹರಿದಂತೆ.

ಬೆಂಗಳೂರಿನ ಹಳೆಯ ಸಭಾಂಗಣಗಳೆಲ್ಲ ಹಲವು ಕೆಲಸಕ್ಕೆ ಒದಗುವಂಥವು. ಟಾಗೋರರ ಜನ್ಮಶತಾಬ್ದಿಯ ನೆನಪಿಗೆ ಕಟ್ಟಿದ ರವೀಂದ್ರ ಕಲಾಕ್ಷೇತ್ರ 1963ರಿಂದ ನಡೆಯುತ್ತಿದೆ. ಅಲ್ಲಿ ನಾಟಕದ ಜೊತೆ ಸನ್ಮಾನ, ಸಂಗೀತ, ಪುಸ್ತಕ ಬಿಡುಗಡೆ ಎಲ್ಲವೂ ಉಂಟು. ರಂಗ ಒಂದು ಚೌಕಟ್ಟಿನೊಳಗೆ, ಪ್ರೇಕ್ಷಕರು ಎದುರಿಗೆ. ಈ ಚೌಕಟ್ಟು ಸಾಲದು ಅನ್ನುವ ಮಾತು ಅದೇ ಕಟ್ಟಡದ ಹಿತ್ತಲಿನಲ್ಲೇ ಎದ್ದಿತ್ತು. 1972ರಲ್ಲಿ ಬಿ.ವಿ. ಕಾರಂತರು ಅಲ್ಲಿನ ಬಯಲಿನಲ್ಲಿ ಲಂಕೇಶರ ‘ಈಡಿಪಸ್’, ‘ಸಂಕ್ರಾಂತಿ’ ಮತ್ತು ಕಂಬಾರರ ‘ಜೋಕುಮಾರಸ್ವಾಮಿ’ ಆಡಿಸಿದಾಗ ಕನ್ನಡದ ನಟರು ಚೌಕಟ್ಟು ದಾಟಿ ಜನರ ಹತ್ತಿರಕ್ಕೆ ಬಂದರು. ಈಗ ಆ ಬಯಲು ರಂಗಮಂದಿರಕ್ಕೆ ನಾಟಕಕಾರ ಸಂಸರ ಹೆಸರಿದೆ.

ಶಂಕರ್‌ನಾಗ್ ಸಿನಿಮಾದಲ್ಲಿ ಹೆಸರು ಮಾಡಿದ ಮೇಲೂ ನಾಟಕ ಬಿಡಲಿಲ್ಲ. ‘ಸಂಕೇತ್’ ತಂಡದೊಂದಿಗೆ ಆಡಿಸುತ್ತಲೇ ಇದ್ದರು. ನಾಟಕಕ್ಕೆಂದೇ ಒಂದು ಜಾಗ ಬೇಕು ಅನ್ನುವುದು ಅವರ ಆಸೆಯಾಗಿತ್ತು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡರು. ಅದೇ ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡಿದ್ದ ಅವರ ಪತ್ನಿ ಅರುಂಧತಿ ನಾಗ್ ಚೇತರಿಸಿಕೊಂಡು, ಸಂಕೇತ್ ಟ್ರಸ್ಟ್ ಮೂಲಕ ಹತ್ತಕ್ಕೂ ಹೆಚ್ಚು ವರ್ಷ ಹಣ ಕೂಡಿಸುತ್ತ ಆ ಜಾಗ ಕಟ್ಟಿಸಿದರು. ಅದೇ ರಂಗಶಂಕರ. ಜೆ.ಪಿ. ನಗರ 2ನೇ ಹಂತದಲ್ಲಿ 2004ರ ಅಕ್ಟೋಬರ್ 28ರಂದು ಬಾಗಿಲು ತೆರೆಯಿತು. 2024ಕ್ಕೆ 20 ವರ್ಷ ತುಂಬಿತು. ವಾಸ್ತುಶಿಲ್ಪಿ ಶಾರುಖ್ ಮಿಸ್ತ್ರಿ. ಸುಮಾರು 300 ಆಸನ. ದಿನಕ್ಕೊಂದು ನಾಟಕ ಅನ್ನುವುದು ಮೊದಲ ದಿನದಿಂದ ಹಿಡಿದಿರುವ ವ್ರತ. ನಾಟಕ ಶುರುವಾದ ಮೇಲೆ ಯಾರಿಗೂ ಒಳಗೆ ಪ್ರವೇಶವಿಲ್ಲ. ಈ ನಿಯಮ ಸಡಿಲಾಗದೆ ಉಳಿದಿರುವುದನ್ನು ನಾನು ಬಹಳ ಗೌರವಿಸುತ್ತೇನೆ. ಕನ್ನಡ ಪ್ರೇಕ್ಷಕರಿಗೆ ಹೊತ್ತಿಗೆ ಸರಿಯಾಗಿ ಬಂದು ಕೂರುವುದನ್ನು ಕಲಿಸಿದ ಜಾಗ ಅದು.

ನಾಟಕಕ್ಕೆಂದೇ ಕಟ್ಟಿದ್ದರಿಂದ ಅದು ಥ್ರಸ್ಟ್ ರಂಗ. ರಂಗದ ಮುಂಭಾಗ ಪ್ರೇಕ್ಷಕರ ನಡುವೆ ಚಾಚಿಕೊಂಡಿದೆ. ಮೂರು ಕಡೆ ಜನ. ಆಸನಗಳು ಕಡಿದಾಗಿ ಮೇಲೇರುತ್ತವೆ, ಹಾಗಾಗಿ ಕೊನೆಯ ಸಾಲಿನವರೂ ದೂರವಿಲ್ಲ. ಎಲ್ಲರೂ ನಟರನ್ನು ಸ್ವಲ್ಪ ಮೇಲಿನಿಂದಲೇ ನೋಡುತ್ತಾರೆ. ನಿಮ್ಮ ಎಲ್ಲ ಬದಲಾವಣೆಗಳೂ ಈ ಎರಡು ಸಂಗತಿಗಳಿಂದ ಹುಟ್ಟುತ್ತವೆ: ಮೂರು ಕಡೆ ನೋಟ, ಮೇಲಿನಿಂದ ನೋಟ.

ಮೊದಲು ಬ್ಲಾಕಿಂಗ್, ಅಂದರೆ ನಟರು ಎಲ್ಲಿ ನಿಲ್ಲಬೇಕು, ಯಾವಾಗ ಎತ್ತ ಸರಿಯಬೇಕು ಅನ್ನುವುದು. ರಂಗಮಂದಿರದಿಂದ ರಂಗದ ನಕ್ಷೆ ತರಿಸಿಕೊಂಡು, ತಾಲೀಮಿನ ಕೋಣೆಯಲ್ಲಿ ಅದೇ ಅಳತೆಗೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ. ಮೂರೂ ಬದಿಗೆ ಕುರ್ಚಿ ಇಡಿ. ನಿರ್ದೇಶಕರು ಪ್ರತಿ ದೃಶ್ಯವನ್ನು ಮೂರು ಸಲ, ಮೂರು ಬದಿಯಿಂದ ನೋಡಬೇಕು. ಕೊನೆಯ ಒಂದು ವಾರದ ತಾಲೀಮಾದರೂ ಹೀಗೆ ನಡೆಯಲಿ. ಪ್ರದರ್ಶನದ ದಿನ ಹೋಗಿ ಸರಿಮಾಡಿಕೊಳ್ಳುತ್ತೇವೆ ಅಂದರೆ ಆಗುವುದಿಲ್ಲ. ನಟರ ಕಾಲಿಗೆ ಹಳೆಯ ಅಭ್ಯಾಸ ಹತ್ತಿರುತ್ತದೆ.

ಇಬ್ಬರು ಮಾತಾಡುವ ದೃಶ್ಯದಲ್ಲಿ ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ ಸಮಸಾಲಿನಲ್ಲಿ ನಿಂತರೆ ಪಕ್ಕದ ಪ್ರೇಕ್ಷಕರಿಗೆ ಒಬ್ಬರ ಬೆನ್ನಷ್ಟೇ ಕಾಣುತ್ತದೆ, ಇನ್ನೊಬ್ಬರು ಪೂರ್ತಿ ಮರೆಯಾಗುತ್ತಾರೆ. ಒಬ್ಬರ ಹಿಂದೊಬ್ಬರು ನಿಂತರೆ ಎದುರಿನವರಿಗೆ ಅದೇ ಗತಿ. ಓರೆಯಾಗಿ, ಕರ್ಣರೇಖೆಯಲ್ಲಿ ನಿಲ್ಲಿಸಿ. ನಡುವೆ 5–6 ಅಡಿ ಬಿಡಿ. ನಿಮ್ಮ ಕಲಾಭವನದಲ್ಲಿ 3 ಅಡಿ ಸಾಕಿತ್ತು, ಇಲ್ಲಿ ಅಷ್ಟು ಹತ್ತಿರ ನಿಂತರೆ ಒಬ್ಬರನ್ನೊಬ್ಬರು ಮುಚ್ಚುತ್ತಾರೆ. ಯಾರಿಗೇ ಆದರೂ ಬೆನ್ನು ಕಾಣುವುದು ತಪ್ಪಲ್ಲ, ಥ್ರಸ್ಟ್‌ನಲ್ಲಿ ಸದಾ ಯಾರಿಗಾದರೂ ಬೆನ್ನು ಕಂಡೇ ಕಾಣುತ್ತದೆ. ಒಂದೇ ಬದಿಯವರಿಗೆ ಅರ್ಧ ನಿಮಿಷಕ್ಕಿಂತ ಹೆಚ್ಚು ಹೊತ್ತು ಬೆನ್ನು ಕಾಣಬಾರದು, ಅಷ್ಟೇ. ತಿರುಗುವುದಕ್ಕೆ ಪಾತ್ರದೊಳಗಿಂದಲೇ ಕಾರಣ ಹುಡುಕಿ: ನೀರಿನ ಚೊಂಬು ಎತ್ತಿಕೊಳ್ಳುವುದು, ಮಾತಿಗೆ ಮುನಿದು ಸರಿಯುವುದು. ಕಾರಣವಿಲ್ಲದೆ ಗಿರಕಿ ಹೊಡೆದರೆ ಮುಂದಿನ ಸಾಲಿನವರಿಗೆ ತಕ್ಷಣ ಗೊತ್ತಾಗುತ್ತದೆ.

ಕಲಾಕ್ಷೇತ್ರದಿಂದ ಬರುವ ತಂಡಗಳು ಹೆಚ್ಚಾಗಿ ಎಡವುವುದು ಇಲ್ಲಿ: ದೊಡ್ಡ ಸ್ವಗತ ಬಂತೆಂದರೆ ನಟ ನೇರ ಮುಂದಕ್ಕೆ, ನಟ್ಟನಡುವಿಗೆ ಬರುತ್ತಾನೆ. ಚೌಕಟ್ಟಿನ ರಂಗದಲ್ಲಿ ಅದೇ ಬಲವಾದ ಜಾಗ. ಇಲ್ಲಿ ಹಾಗೆ ಬಂದರೆ ಎರಡೂ ಪಕ್ಕದ ಪ್ರೇಕ್ಷಕರು ಅವನ ಹಿಂದೆ ಉಳಿದುಬಿಡುತ್ತಾರೆ. ಥ್ರಸ್ಟ್‌ನಲ್ಲಿ ಬಲವಾದ ಜಾಗ ಹಿಂಭಾಗ. ರಂಗದ ಹಿಂದಿನ ಮೂರನೇ ಒಂದು ಭಾಗದಲ್ಲಿ ನಿಂತರೆ ಮೂರೂ ಬದಿಗೆ ಮುಖ ಸಿಗುತ್ತದೆ. ನಿಮ್ಮ ನಾಯಕನ ಕೊನೆಯ ಮಾತನ್ನು ಅಲ್ಲಿಗೆ ಒಯ್ಯಿರಿ.

ನಿರ್ಗಮನಕ್ಕೂ ಇಲ್ಲಿ ಲೆಕ್ಕ ಬೇರೆ. ರಂಗದ ಪಕ್ಕದಲ್ಲಿ ಮರೆಪರದೆಗಳು, ಅಂದರೆ ವಿಂಗ್ಸ್, ಇದ್ದರೆ ಎರಡು ಹೆಜ್ಜೆಗೆ ಮರೆ. ಇಲ್ಲಿ ಮುಂಭಾಗದಿಂದ ಹಿಂದಕ್ಕೆ ನಡೆದೇ ಹೋಗಬೇಕು. 20 ಅಡಿ ನಡೆಯಲು ಐದಾರು ಸೆಕೆಂಡ್ ಹಿಡಿಯುತ್ತದೆ. ಕೊನೆಯ ಮಾತು ಹೇಳಿ ಹೊರಟರೆ ಆ ಐದಾರು ಸೆಕೆಂಡ್ ಖಾಲಿ. ಮೊದಲೇ ಹೊರಟು, ಹಿಂಭಾಗ ತಲುಪಿ, ತಿರುಗಿ ಕೊನೆಯ ಮಾತು ಹೇಳುವುದು ಸರಿ.

ರಂಗಸಜ್ಜಿಕೆಗೆ ಬರೋಣ. ನಿಮ್ಮ ಬೀರು ಈಗಿರುವ ಜಾಗದಲ್ಲಿ ಇರಲೇಬಾರದು. ಒಂದು ಬದಿಯ ಅಷ್ಟೂ ಜನರಿಗೆ ಅದೊಂದು ಗೋಡೆ. ಎತ್ತರದ್ದೆಲ್ಲ ಹಿಂಗೋಡೆಗೆ ಹೋಗಬೇಕು. ಚಾಚಿದ ಭಾಗದಲ್ಲಿ ಇಡುವ ಯಾವುದೂ ಎರಡೂವರೆ ಅಡಿಗಿಂತ ಎತ್ತರ ಇರದಿರಲಿ. ಬೆನ್ನಿರುವ ಕುರ್ಚಿಯ ಬದಲು ಸ್ಟೂಲ್, ಬೆಂಚು, ಪೆಟ್ಟಿಗೆ ಒಳ್ಳೆಯದು. ಬರೆದ ಪರದೆಯನ್ನು ಊರಲ್ಲೇ ಬಿಟ್ಟು ಬನ್ನಿ ಎನ್ನುತ್ತೇನೆ. ಪರದೆಯ ಮೇಲೆ ಬರೆದ ಬೀದಿಯ ಆಳ ನೇರ ಎದುರಿನಿಂದ ನೋಡಿದರೆ ಮಾತ್ರ ನಿಜವೆನಿಸುತ್ತದೆ, ಪಕ್ಕದಿಂದ ಚಪ್ಪಟೆ. ಕಂಪನಿ ನಾಟಕಗಳ ಪರದೆಗಳ ಸೊಗಸು ಆ ಚೌಕಟ್ಟನ್ನೇ ನಂಬಿದ್ದು, ಅದನ್ನು ಅಲ್ಲಿಯೇ ನೋಡಬೇಕು. ಇಲ್ಲಿ ಪರದೆಯ ಕೆಲಸ ನೆಲ ಮಾಡುತ್ತದೆ. ಮೇಲಿನಿಂದ ನೋಡುವವರಿಗೆ ನೆಲವೇ ಹಿನ್ನೆಲೆ. ಚಾಪೆ, ಜಮಖಾನ, ರಂಗೋಲಿ, ಬಣ್ಣ ಬಳಿದ ಬಟ್ಟೆ, ಯಾವುದಾದರೊಂದರಿಂದ ಮನೆಯ ನಡುಮನೆ, ಜಗಲಿ, ಅಂಗಳ ಬೇರೆ ಮಾಡಬಹುದು. ಬಟ್ಟೆ ಹಾಸಿದರೆ ಅಂಚು ಪೂರ್ತಿ ಟೇಪ್ ಹಾಕಿ. ಅಂಚು ಮಡಚಿದರೆ ನಟ ಬೀಳುತ್ತಾನೆ.

ಪರಿಕರಗಳು ನಿಜದ್ದಾಗಿರಲಿ. ಖಾಲಿ ಲೋಟದಲ್ಲಿ ಕಾಫಿ ಕುಡಿದರೆ, ಬಿಳಿ ಹಾಳೆಯನ್ನು ಪತ್ರವೆಂದು ಓದಿದರೆ ಮೊದಲ ಮೂರು ಸಾಲಿಗೆ ಕಾಣುತ್ತದೆ. ಪ್ರಸಾಧನ ಅರ್ಧಕ್ಕೆ ಇಳಿಸಿ. ಬಿಳಿಗೂದಲಿಗೆ ಪೌಡರ್ ಹಾಕಿದರೆ ಹತ್ತಿರದಿಂದ ಪೌಡರ್ ಆಗಿಯೇ ಕಾಣುತ್ತದೆ.

ಬೆಳಕಿನ ವಿಷಯ ಹೆಚ್ಚು ವಿವರ ಬೇಡುತ್ತದೆ. ಬೆಳಕಿಗಾಗಿ ರಂಗವನ್ನು ಭಾಗ ಮಾಡಿಕೊಳ್ಳುತ್ತೇವಲ್ಲ, ಆ ಒಂದೊಂದು ಭಾಗವೂ ಒಂದು ಏರಿಯಾ. ಚೌಕಟ್ಟಿನ ರಂಗದಲ್ಲಿ ಒಂದು ಏರಿಯಾಕ್ಕೆ ಎದುರಿನ ಎರಡು ಬದಿಯಿಂದ 45 ಡಿಗ್ರಿಯಲ್ಲಿ ಎರಡು ಲೈಟ್ ಸಾಕು. ಇಲ್ಲಿ ಒಂದಕ್ಕೊಂದು 120 ಡಿಗ್ರಿ ಅಂತರದಲ್ಲಿ ಮೂರು, ಸಾಧ್ಯವಾದರೆ 90 ಡಿಗ್ರಿ ಅಂತರದಲ್ಲಿ ನಾಲ್ಕು ಬೇಕು. ಅಂದರೆ 6 ಏರಿಯಾಕ್ಕೆ 12ರ ಬದಲು 18ರಿಂದ 24. ಅಷ್ಟು ಲೈಟ್ ಇಲ್ಲದಿದ್ದರೆ ಏರಿಯಾಗಳನ್ನು 4ಕ್ಕೆ ಇಳಿಸಿ, ಒಂದೊಂದಕ್ಕೂ ಮೂರು ಕೊಡಿ. ಲೈಟ್ ಕಡಿಮೆ ಮಾಡಿ ಏರಿಯಾ ಉಳಿಸಿಕೊಂಡರೆ ಒಂದು ಬದಿಯವರಿಗೆ ಮುಖವೇ ಕಾಣದು. ಇನ್ನೊಂದು ಅಪಾಯ: 45 ಡಿಗ್ರಿಯ ಬೆಳಕು ನಟನನ್ನು ದಾಟಿ ಆಚೆ ಬದಿಯ ಪ್ರೇಕ್ಷಕರ ಕಣ್ಣಿಗೆ ಹೊಡೆಯುತ್ತದೆ. 55–60 ಡಿಗ್ರಿಗೆ ಏರಿಸಿ, ಬೆಳಕಿನ ಅಂಚನ್ನು ಬಾರ್ನ್ ಡೋರ್ (ಲೈಟಿನ ಮುಂದಿನ ಮಡಚುವ ರೆಕ್ಕೆಗಳು) ಅಥವಾ ಪ್ರೊಫೈಲ್ ಲೈಟಿನ (ಚೂಪು ಅಂಚಿನ ಬೆಳಕು ಬೀರುವ ಲೈಟ್) ಶಟರ್‌ನಿಂದ ಕತ್ತರಿಸಿ. ಏರಿಸಿದಾಗ ಕಣ್ಣಿನ ಕೆಳಗೆ ನೆರಳು ಬೀಳುತ್ತದೆ. ನೆಲಹಾಸು ತಿಳಿ ಬಣ್ಣದ್ದಾದರೆ ಕೆಳಗಿನಿಂದ ಪುಟಿದ ಬೆಳಕು ಆ ನೆರಳನ್ನು ತಕ್ಕಮಟ್ಟಿಗೆ ತುಂಬುತ್ತದೆ. ಒಂದು ಬದಿಗೆ ನೀಲಿ, ಇನ್ನೊಂದು ಬದಿಗೆ ಹಳದಿ ಜೆಲ್ (ಲೈಟಿನ ಮುಂದಿಡುವ ಬಣ್ಣದ ಹಾಳೆ) ಹಾಕುವ ಹಳೆಯ ಪದ್ಧತಿ ಇಲ್ಲಿ ನಡೆಯದು. ಒಂದು ಬದಿಯವರಿಗೆ ಇಡೀ ನಾಟಕ ನೀಲಿ ಮುಖದಲ್ಲೇ ಮುಗಿಯುತ್ತದೆ. ಎಲ್ಲ ಬದಿಗೂ ತೆಳು ಬಣ್ಣ, ಗಾಢ ಬಣ್ಣ ಬೇಕಾದರೆ ನೇರ ಮೇಲಿನಿಂದ ಮಾತ್ರ.

ಮುಂಪರದೆ ಇಲ್ಲದೆ ದೃಶ್ಯ ಬದಲಿಸಬೇಕು. ಕತ್ತಲು ಮಾಡಿದರೂ ಸ್ವಲ್ಪ ಹೊತ್ತಿಗೆ ಪ್ರೇಕ್ಷಕರ ಕಣ್ಣು ಹೊಂದಿಕೊಳ್ಳುತ್ತದೆ, ಮೇಜು ಹೊತ್ತು ಓಡುವವರು ಕಾಣುತ್ತಾರೆ. ಕತ್ತಲು 8–10 ಸೆಕೆಂಡ್ ಮೀರದಿರಲಿ. ಅದಕ್ಕಿಂತ ಒಳ್ಳೆಯ ದಾರಿ, ಮಂದ ಬೆಳಕಿನಲ್ಲಿ ನಟರೇ ಹಾಡಿನ ಲಯಕ್ಕೆ ಸಾಮಾನು ಸರಿಸುವುದು. ಕತ್ತಲಲ್ಲಿ ನಡೆಯುವ ಕಡೆ ನೆಲಕ್ಕೆ ಒಂದಿಂಚು ಹೊಳೆಯುವ ಟೇಪ್ ಅಂಟಿಸಿ.

ಧ್ವನಿಗೆ ಮೈಕ್ ಬೇಡ. 300 ಜನರ ಜಾಗಕ್ಕೆ ಪಳಗಿದ ಗಂಟಲು ಸಾಕು. ನಟ ತಿರುಗಿದಾಗ ಹಿಂದಿನವರಿಗೆ ಸ್ವರಗಳು ಕೇಳಿಸುತ್ತವೆ, ‘ಸ’, ‘ಶ’, ‘ತ’ಗಳಂಥ ವ್ಯಂಜನಗಳು ಮಸುಕಾಗುತ್ತವೆ. ನಮ್ಮ ಮಾತಿನಲ್ಲಿ ಹೌದೋ ಅಲ್ಲವೋ ತೀರ್ಮಾನವಾಗುವುದು ವಾಕ್ಯದ ಕೊನೆಯಲ್ಲಿ. ಆದ್ದರಿಂದ ವಾಕ್ಯದ ಬಾಲವನ್ನು ನುಂಗುವ ನಟರಿದ್ದರೆ ಅದನ್ನೇ ಹಿಡಿದು ತಿದ್ದಿ. ಮೇಳವನ್ನು ಹಿಂಬದಿಯ ಒಂದು ಮೂಲೆಯಲ್ಲಿ ನೆಲದ ಮೇಲೆ ಕೂರಿಸಿ. ಹಾರ್ಮೋನಿಯಂ ಸರಿಹೋಗುತ್ತದೆ. ಢೋಲಕ್ ಮಾತಿನಡಿ ಬಾರಿಸಿದರೆ ಮಾತನ್ನು ಮುಳುಗಿಸುತ್ತದೆ, ಹಾಡಿಗೆ ಮಾತ್ರ ಇಟ್ಟುಕೊಳ್ಳಿ.

ಪ್ರದರ್ಶನದ ದಿನದ ಕೆಲಸದ ಕ್ರಮ: ಮೊದಲು ಲೈಟ್ ಕಟ್ಟಿ, ಆಮೇಲೆ ನೆಲಹಾಸು ಹಾಸಿ, ಕೊನೆಗೆ ಸಾಮಾನು. ನೆಲಹಾಸು ಮೊದಲು ಹಾಸಿದರೆ ಏಣಿ ಅದನ್ನು ಹರಿಯುತ್ತದೆ. ನಟರನ್ನು ಅವರವರ ಜಾಗದಲ್ಲಿ ನಿಲ್ಲಿಸಿಯೇ ಲೈಟ್ ಫೋಕಸ್ ಮಾಡಿ. ಆಮೇಲೆ ಕ್ಯೂನಿಂದ ಕ್ಯೂಗೆ, ಅಂದರೆ ಬೆಳಕು, ಸಂಗೀತ ಬದಲಾಗುವ ಕಡೆಗಳನ್ನಷ್ಟೇ ಹಿಡಿದು, ಒಂದು ಓಟ, 90 ನಿಮಿಷದ ನಾಟಕಕ್ಕೆ ಎರಡು ಗಂಟೆಯಾದರೂ ಬೇಕು. ಅಷ್ಟು ಹೊತ್ತು ಒಬ್ಬರು ಎಡಬದಿ, ಎದುರು, ಬಲಬದಿಗಳ ಮೊದಲ ಸಾಲು ಮತ್ತು ಕೊನೆಯ ಸಾಲು, ಹೀಗೆ ಆರು ಆಸನಗಳಲ್ಲಿ ಕೂತು ಏನು ಮುಚ್ಚುತ್ತಿದೆ ಎಂದು ಬರೆದುಕೊಳ್ಳಲಿ.

ಟಿಕೆಟ್ ಕೊಂಡ ಹಾಸನದವರಿಗೆ ಬಾಗಿಲಿನ ನಿಯಮವನ್ನು ಮುಂಚೆಯೇ ಹೇಳಿಬಿಡಿ. ನೆಲಮಂಗಲದಿಂದ ಈಚೆಗೆ ಸಂಜೆಯ ಟ್ರಾಫಿಕ್ ಕೆಟ್ಟದ್ದು. 7.30ರ ಪ್ರಯೋಗಕ್ಕೆ 6.30ಕ್ಕೇ ಜೆ.ಪಿ. ನಗರದಲ್ಲಿ ಇರುವಂತೆ ಹೊರಡಲಿ. ತಡವಾಗಿ ಬಂದವರು ತಂಡದವರಿಗೆ ಫೋನ್ ಮಾಡಿದರೂ ಒಳಗೆ ಬಿಡಿಸಲು ನಿಮ್ಮಿಂದ ಆಗುವುದಿಲ್ಲ. ಬಿಡಿಸಿ ಎಂದು ಅಲ್ಲಿನ ಸಿಬ್ಬಂದಿಯನ್ನು ಕೇಳಲೂಬೇಡಿ.