ಮುಂಬೈ ಫುಲ್ ಮ್ಯಾರಥಾನ್‌ನಲ್ಲಿ (42 ಕಿ.ಮೀ.) ಮೊದಲರ್ಧ ಜೋರಾಗಿ ಓಡೋ ಪ್ಲಾನ್ ಬಿಡು

ತಮ್ಮಾ, ನಿನ್ನ ಪೋಸ್ಟ್ ಓದಿದೆ. ಬಿಸಿಲು ಏರುವ ಮುಂಚೆ ಮೊದಲ 21 ಕಿ.ಮೀ. 1:50ಕ್ಕೆ ಮುಗಿಸಿ, ಆಮೇಲೆ ಆರಾಮಾಗಿ ಓಡಿ ನಾಲ್ಕು ಗಂಟೆಯೊಳಗೆ ಬರುತ್ತೇನೆ ಅಂದಿದ್ದೀಯ. ಬೇಡ. ಇದೇ ಲೆಕ್ಕ ಹಾಕಿ ನಾನು ನನ್ನ ಮೊದಲ ಫುಲ್ ಕೆಡಿಸಿಕೊಂಡೆ.

ಅವತ್ತು ಸೀ ಲಿಂಕ್ (ಸಮುದ್ರದ ಮೇಲಿನ ಬಾಂದ್ರಾ-ವರ್ಲಿ ಸೇತುವೆ) ಮೇಲೆ ಗಾಳಿ ತಣ್ಣಗಿತ್ತು, ಕಾಲು ಹಗುರವಾಗಿತ್ತು. ಅರ್ಧಕ್ಕೆ 1:52. ಮುಗಿಸಿದ್ದು 4:51ಕ್ಕೆ. ಅಂದರೆ ಎರಡನೇ ಅರ್ಧಕ್ಕೆ ಮೂರು ಗಂಟೆಗೆ ಒಂದೇ ನಿಮಿಷ ಕಮ್ಮಿ! ವರ್ಲಿ ದಾಟುವ ಹೊತ್ತಿಗೇ ಕಾಲು ಭಾರ. ಹಾಜಿ ಅಲಿ ಬಿಟ್ಟು ಪೆಡ್ಡರ್ ರೋಡ್ ಏರಿನಲ್ಲಿ ಎಡಗಾಲಿನ ಮೀನಖಂಡ ಕಲ್ಲಿನ ಹಾಗೆ ಗಟ್ಟಿಯಾಯಿತು, ಫುಟ್‌ಪಾತ್ ಅಂಚಲ್ಲಿ ಕೂತುಬಿಟ್ಟೆ. ಒಬ್ಬ ಗುಜರಾತಿ ಅಜ್ಜಿ ಕಿತ್ತಳೆ ಸುಲಿದು, ತೊಳೆಗೆ ಉಪ್ಪು ಹಚ್ಚಿ, ಒಂದೊಂದಾಗಿ ಬಾಯಿಗೆ ಕೊಟ್ಟರು. ಹೋಗುವಾಗ ಇದೇ ಏರು ಹತ್ತಿದ್ದು ನೆನಪೇ ಇರಲಿಲ್ಲ. ವಾಪಸ್ ಬರುವಾಗ 35 ಕಿ.ಮೀ. ಆಸುಪಾಸಿನಲ್ಲಿ ಸಿಗುತ್ತಲ್ಲ, ಆಗ ಗೊತ್ತಾಗುತ್ತೆ.

ನಾನು ದುರ್ಬಲ ಅದಕ್ಕೇ ಸೋತೆ ಅಂದುಕೊಳ್ಳಬೇಡ, ದೊಡ್ಡ ಓಟಗಾರರ ರಿಸಲ್ಟ್ ನೋಡು. ಮುಂಬೈನಲ್ಲಿ ಹೆಂಗಸರ ಕೋರ್ಸ್ ರೆಕಾರ್ಡ್ (ಈ ಓಟದ ಅತಿ ಕಡಿಮೆ ಸಮಯ) 2013ರಲ್ಲಿ ವ್ಯಾಲೆಂಟೈನ್ ಕಿಪ್‌ಕೆಟರ್ ಮಾಡಿದ 2:24:33. 2020ರಲ್ಲಿ ಇಥಿಯೋಪಿಯಾದ ಅಮಾನೆ ಬೆರಿಸೊ 2:24:51ಕ್ಕೆ ಗೆದ್ದರು, 18 ಸೆಕೆಂಡಲ್ಲಿ ರೆಕಾರ್ಡ್ ತಪ್ಪಿತು. ಅದೇ ಬೆರಿಸೊ 2022ರಲ್ಲಿ ಸ್ಪೇನ್‌ನ ವಲೆನ್ಸಿಯಾ ಮ್ಯಾರಥಾನ್‌ನಲ್ಲಿ ಓಡಿದ್ದು 2:14:58! ಮಧ್ಯೆ ಹತ್ತಿರ ಹತ್ತಿರ ಮೂರು ವರ್ಷ ಇದೆ, ಅವರು ಇನ್ನೂ ಬೆಳೆದಿದ್ದರು, ಒಪ್ಪುತ್ತೇನೆ. ಆದರೂ ಹತ್ತು ನಿಮಿಷ ಸುಮ್ನೆ ಬರಲ್ಲ. ಗಂಡಸರಲ್ಲೂ ಹಾಗೇ. ಹೈಲೆ ಲೆಮಿ 2023ರಲ್ಲಿ 2:07:32ಕ್ಕೆ ಇಲ್ಲಿ ರೆಕಾರ್ಡ್ ಮಾಡಿದರು, ದುಬೈನಲ್ಲಿ 2016ರಲ್ಲೇ 2:04:33 ಓಡಿದ್ದವರು. ಸೆಕೆ, ಸಮುದ್ರದ ತೇವ, ಏರು ಎಲ್ಲ ಸೇರಿ ಇಲ್ಲಿ ಸಮಯ ತಿನ್ನುತ್ತೆ. ಪುಣೆಯ ಚಳಿಯಲ್ಲಿ 4:14 ಓಡಿದವನು ಮುಂಬೈಗೆ 3:59 ಬರೆದುಕೊಂಡರೆ ಹೇಗೆ?

ನಿನಗೆ ನಾನು ಹೇಳೋದು 4:20. ಅಂದರೆ 6:10 ಪೇಸ್, ಒಂದು ಕಿ.ಮೀ.ಗೆ 6 ನಿಮಿಷ 10 ಸೆಕೆಂಡ್. ಮೊದಲ ಹತ್ತು ಕಿ.ಮೀ. 6:20ರಲ್ಲೇ ಇರು, ಪಕ್ಕದವರು ಹಿಂದೆ ಹಾಕಿದರೂ ಬಿಡು. ಸೀ ಲಿಂಕ್ ಮೇಲೆ ಖುಷಿಯಾಗಿ ಕಾಲು ತಾನೇ ಓಡುತ್ತೆ, ಅಲ್ಲೇ ಹಿಡಿದಿಟ್ಟುಕೊಳ್ಳಬೇಕು. ಫೋಟೋ ತೆಗೆಸಿಕೊಂಡು, ಅದಕ್ಕೆ ಹೋದ ಹತ್ತು ಸೆಕೆಂಡ್ ತುಂಬಿಸೋಕೆ ಜೋರಾಗಿ ಓಡಬೇಡ.

ನನಗೆ ಕೆಲಸ ಮಾಡಿದ್ದು ಒಂದೇ, ಕಾಲು ಸೋತ ಮೇಲೆ ಏರು ಓಡೋದು. ಎಲ್ಲರೂ ಬೆಳಿಗ್ಗೆ ತಾಜಾ ಕಾಲಲ್ಲಿ ಹಿಲ್ ರಿಪೀಟ್ (ಒಂದೇ ಏರನ್ನು ಮತ್ತೆ ಮತ್ತೆ ಓಡಿ ಹತ್ತೋದು) ಮಾಡುತ್ತಾರೆ, ಅದು ಬೇರೆ ವಿಷಯ. ನಾನು ಭಾನುವಾರ ಮಾಟುಂಗಾದ ಫೈವ್ ಗಾರ್ಡನ್ಸ್‌ನಿಂದ ಶುರು ಮಾಡಿ, ಶಿವಾಜಿ ಪಾರ್ಕ್, ವರ್ಲಿ ಸುತ್ತಾಡಿ 24 ಕಿ.ಮೀ. ಮಾಡಿಕೊಂಡು, ಆಮೇಲೆ ಹಾಜಿ ಅಲಿ ಕಡೆಯಿಂದ ಪೆಡ್ಡರ್ ರೋಡ್ ಮೂರು ಸಲ ಹತ್ತುತ್ತೇನೆ. ಇಳಿಯುವಾಗ ನಡಿಗೆ. ಮೊದಲ ಸಲ ಎರಡೇ ಮಾಡು. ಮೊಣಕಾಲು ನೋವಿದ್ದರೆ ಇದನ್ನು ಮಾಡಲೇ ಬೇಡ. ಏಳು ಗಂಟೆಯೊಳಗೆ ಮುಗಿಸು, ಆಮೇಲೆ ಗಾಡಿಗಳ ಕಾಟ. ರೇಸ್‌ಗೆ ಮೂರು ವಾರ ಇದೆ ಅನ್ನುವಾಗ ನಿಲ್ಲಿಸಿಬಿಡು. ಹೀಗೆ ಆರು ಭಾನುವಾರ ಮಾಡಿದ ವರ್ಷ 4:12ಕ್ಕೆ ಬಂದೆ, ಏರಿನಲ್ಲಿ ಒಂದು ಹೆಜ್ಜೆಯೂ ನಡೆಯಲಿಲ್ಲ. ಸಮುದ್ರ ದಂಡೆಯ ಹೊಸ ಕೋಸ್ಟಲ್ ರೋಡ್ ಬಂದ ಮೇಲೆ ಮಾರ್ಗದ ಮಾತು ಬದಲಾಗಿದೆ, ನೀನು ಓಡುವ ವರ್ಷದ ನಕ್ಷೆ ಮೊದಲು ನೋಡು. ಏರು ಎಲ್ಲೇ ಬರಲಿ, ಸೋತ ಕಾಲಿಗೆ ಈ ಅಭ್ಯಾಸ ಬೇಕೇ ಬೇಕು.

ಇನ್ನು ಶೂ. ಹೊಸ ಕಾರ್ಬನ್ ಪ್ಲೇಟ್ ಶೂ (ಅಟ್ಟೆಯೊಳಗೆ ಗಟ್ಟಿ ಪಟ್ಟಿ ಇರೋ ದುಬಾರಿ ರೇಸ್ ಶೂ) ಅವತ್ತೇ ಹಾಕ್ತೀನಿ ಅಂದಿದ್ದೀಯ, ನಿನ್ನ ಪೋಸ್ಟ್ ಕೆಳಗೆ ಯಾರೋ ಇಥಿಯೋಪಿಯಾದ ಓಟಗಾರ ಡೆರಾರಾ ಹುರಿಸಾ ಮುಂಬೈನಲ್ಲಿ ಎರವಲು ಶೂ ಹಾಕಿ ಗೆದ್ದರಲ್ಲ ಅಂತ ಉತ್ತರ ಕೊಟ್ಟಿದ್ದಾರೆ. ನಿಜ, 2020ರಲ್ಲಿ 2:08:09ಕ್ಕೆ ಗೆದ್ದರು, ಅವತ್ತಿಗೆ ಅದು ರೆಕಾರ್ಡ್. ಅವರ ಶೂ ಪ್ರಯಾಣದಲ್ಲಿ ಕಳೆದಿತ್ತು, ಬೇರೆ ದಾರಿ ಇರಲಿಲ್ಲ. ನಿನ್ನ ಶೂ ಮನೆಯಲ್ಲೇ ಇದೆ ಅಲ್ವಾ? ಎರಡು ಲಾಂಗ್ ರನ್ (ಅಭ್ಯಾಸದ ದೂರದ ಓಟ) ಓಡಿಸಿದ ಶೂ ಹಾಕು. ನಾಲ್ಕು ಗಂಟೆ ಮೇಲೆ ಓಡುವವರಿಗೆ ಆಸಿಕ್ಸ್ ನಿಂಬಸ್‌ನಂಥ ಮೆತ್ತಗಿನ ಶೂ ಸಾಕು ಅನ್ನೋದು ನನ್ನ ಅಭಿಪ್ರಾಯ, ದುಡ್ಡು ಸುರಿಯೋದು ಬೇಡ.

ಬರೀ ನೀರು ಕುಡಿಯಬೇಡ. ನನಗೆ ಎನರ್ಜಾಲ್ (ಉಪ್ಪು, ಸಕ್ಕರೆ ಇರೋ ಪಾನೀಯ) ಒಗ್ಗುತ್ತೆ, ಕೆಲವರಿಗೆ ಹೊಟ್ಟೆ ಉಬ್ಬರಿಸುತ್ತೆ, ಮೊದಲೇ ಲಾಂಗ್ ರನ್‌ನಲ್ಲಿ ಕುಡಿದು ನೋಡು. ದಾರಿಯಲ್ಲಿ ಜನ ಕೊಡೋ ಚಿಕ್ಕಿ, ಬಿಸ್ಕತ್ತು ಎಲ್ಲ ಬಾಯಿಗೆ ಹಾಕಬೇಡ, ಕಿತ್ತಳೆ ಪರವಾಗಿಲ್ಲ. ತೊಡೆ ಸಂದಿಗೆ, ಕಂಕುಳಿಗೆ ವ್ಯಾಸಲೀನ್ ದಪ್ಪಗೆ ಹಚ್ಚು. ಬಿಬ್ (ಎದೆಗೆ ಹಾಕೋ ನಂಬರ್ ಚೀಟಿ) ತರೋಕೆ ಶನಿವಾರ ಹೋಗಬೇಡ, ಅದನ್ನು ಕೊಡೋ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್ (ಬಿಕೆಸಿ) ಎಕ್ಸ್‌ಪೋದಲ್ಲಿ ಎರಡು ಗಂಟೆ ನಿಂತರೆ ಮಾರನೇ ದಿನದ ಕಾಲು ಅಲ್ಲೇ ಹೋಯಿತು. ಶುಕ್ರವಾರ ಆಫೀಸಿಗೆ ಅರ್ಧ ದಿನ ರಜೆ ಹಾಕು.